ಉಣ್ಣೆಗೆ ಅರಗಿನ ಹದ

ಪಿಯಾನೊ ತಂತಿವಾದ್ಯವೇ ಆದರೂ ಅದರ ಗುಟ್ಟು ತಂತಿಯನ್ನು ಬಡಿಯುವ ಪುಟ್ಟ ಸುತ್ತಿಗೆಯಲ್ಲಿದೆ ಎಂದು ನನ್ನ ಎಣಿಕೆ. ಆ ಸುತ್ತಿಗೆಯ ಮೂತಿ ಎಷ್ಟು ಗಟ್ಟಿಯಿರಬೇಕು? ಈ ಒಂದು ಪ್ರಶ್ನೆಗೆ ಮುನ್ನೂರು ವರ್ಷಗಳ ಚರಿತ್ರೆಯುಂಟು.

ಇಟಲಿಯ ಫ್ಲಾರೆನ್ಸಿನಲ್ಲಿ ಮೆಡಿಚಿ ಅರಸುಮನೆತನದ ಆಶ್ರಯದಲ್ಲಿದ್ದ ಬಾರ್ಟೊಲೊಮಿಯೊ ಕ್ರಿಸ್ಟೊಫೊರಿ 1700ರ ಸುಮಾರಿಗೆ ಈ ವಾದ್ಯವನ್ನು ರೂಪಿಸಿದ. ಅವನ ಸುತ್ತಿಗೆಯ ತಲೆ ಸುರುಳಿ ಸುತ್ತಿದ ಕಾಗದ. ಅದರ ಮೇಲೊಂದು ತೊಗಲಿನ ಪಟ್ಟಿ. ಅವನ ಮೂರು ಪಿಯಾನೊಗಳು ಮಾತ್ರ ಉಳಿದಿವೆ. 1720ರದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಮುಂದೆ ಸಭಾಂಗಣಗಳು ಹಿಗ್ಗಿದವು, ತಂತಿಗಳು ದಪ್ಪವಾದವು. 1825ರಲ್ಲಿ ಬಾಸ್ಟನ್ನಿನ ಆಲ್ಫಿಯಸ್ ಬ್ಯಾಬ್‌ಕಾಕ್ ಒಂದೇ ಎರಕದ ಕಬ್ಬಿಣದ ಚೌಕಟ್ಟಿಗೆ ಹಕ್ಕುಪತ್ರ ಪಡೆದ. ಮರುವರ್ಷವೇ ಪ್ಯಾರಿಸ್ಸಿನ ಝಾಂ ಆನ್ರಿ ಪಾಪ್ ತೊಗಲಿನ ಬದಲು ಒತ್ತಿದ ಉಣ್ಣೆಯನ್ನು ಸುತ್ತಿಗೆಗೆ ತೊಡಿಸಿದ.

ಉಣ್ಣೆಯೊಡನೆ ಹೊಸ ಪೇಚಾಟವೂ ಬಂತು. ಮೆತ್ತನೆಯ ಉಣ್ಣೆ ತಂತಿಗೆ ಕೊಂಚ ಹೆಚ್ಚು ಹೊತ್ತು ತಗುಲಿಕೊಂಡಿರುತ್ತದೆ. ಮೇಲಿನ ಉಪಸ್ವರಗಳು ಅಲ್ಲಿಯೇ ಅಡಗಿ ನಾದ ಮಂಕಾಗುತ್ತದೆ. ಗಟ್ಟಿಯಾದದ್ದು ಥಟ್ಟನೆ ಹಿಮ್ಮೆಟ್ಟುತ್ತದೆ. ನಾದ ಮಿರುಗುತ್ತದೆ, ಅತಿಯಾದರೆ ಕಿರಿಚುತ್ತದೆ. ಇದಕ್ಕೆ ಎರಡು ಮಾರ್ಗಗಳು. ಬಿಗಿಯಾಗಿ ಒತ್ತಿದ ಉಣ್ಣೆಯನ್ನು ಸೂಜಿಯಿಂದ ಚುಚ್ಚಿ ಸಡಿಲಿಸುವುದು ಹ್ಯಾಂಬರ್ಗಿನ ಸ್ಟೈನ್‌ವೇ ಕಾರ್ಖಾನೆಯ ರೂಢಿ. ಅದೇ ಮನೆತನದ ನ್ಯೂಯಾರ್ಕ್ ಕಾರ್ಖಾನೆಯಲ್ಲಿ ಮೆತ್ತನೆಯ ಉಣ್ಣೆಗೆ ತೆಳುವಾದ ಲ್ಯಾಕರ್ ಉಣಿಸುತ್ತಾರೆ. ದ್ರಾವಕ ಆರಿಹೋಗುತ್ತದೆ, ಉಳಿದ ರಾಳ ಎಳೆಗಳನ್ನು ಬಿಗಿಯುತ್ತದೆ.

ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಬಳಸುವವರೂ ಇದ್ದಾರೆ. ಅರಗು ನಮಗೆ ಹೊಸದಲ್ಲ. ಮುತ್ತುಗವೇ ಮೊದಲಾದ ಮರಗಳಲ್ಲಿ ಕೀಟಗಳು ಸ್ರವಿಸುವ ಈ ವಸ್ತುವೇ ಚನ್ನಪಟ್ಟಣದ ಬೊಂಬೆಗಳಿಗೆ ಮೆರುಗು ಕೊಟ್ಟಿರುವುದು.

ಆದರೆ ಒಂದು ಭೇದವನ್ನು ಮರೆಯಲಾಗದು. ನಮ್ಮ ಮೃದಂಗದವರು ಎಡದ ಮುಖಕ್ಕೆ ಮೆತ್ತಿದ ರವೆಯನ್ನು ಕಚೇರಿ ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ತಂಬೂರಿಯ ಜೀವಾಳದ ನೂಲನ್ನು ಎಷ್ಟು ಸಲ ಬೇಕಾದರೂ ಸರಿಸಬಹುದು. ಉಣ್ಣೆಯೊಳಗೆ ಹೆಪ್ಪುಗಟ್ಟಿದ ರಾಳವನ್ನು ಪೂರ್ತಿಯಾಗಿ ಹಿಂದಕ್ಕೆ ಪಡೆಯುವುದು ದುಸ್ತರ. ಆದುದರಿಂದಲೇ ಬಲ್ಲವರು ಹನಿಯಿಟ್ಟು, ಒಣಗಲು ಬಿಟ್ಟು, ನುಡಿಸಿ ನೋಡಿ, ಸಾಲದಿದ್ದರೆ ಮಾತ್ರ ಮತ್ತೊಂದು ಹನಿಯಿಡುತ್ತಾರೆ. ಹೀಗೆ 88 ಸುತ್ತಿಗೆಗಳಿಗೂ!

ಈ ವಾದ್ಯದ ಪೂರ್ಣ ಹೆಸರು ಪಿಯಾನೊಫೋರ್ಟೆ. ಮೆಲ್ಲಗೆ ಮತ್ತು ಜೋರಾಗಿ ಎಂದರ್ಥ. ಬಳಕೆಯಲ್ಲಿ ಉಳಿದದ್ದು 'ಮೆಲ್ಲಗೆ' ಎಂಬ ಮೊದಲ ಮಾತು ಮಾತ್ರ. ಗಟ್ಟಿಮಾಡುವ ಸೀಸೆಯನ್ನು ಕೈಗೆತ್ತಿಕೊಳ್ಳುವ ಕುಶಲಿ ಈ ಮಾತನ್ನು ನೆನೆದರೆ ಸಾಕು, ಸಂಗೀತ ಬದುಕಿಕೊಳ್ಳುತ್ತದೆ.