ಯಾವ ಆವೃತ್ತಿ ಹಾಕಿಕೊಳ್ಳಬೇಕು?

ದಾವಣಗೆರೆಯಲ್ಲಿ 1951ರಲ್ಲೇ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. 1979ರಲ್ಲಿ ಬಿಐಇಟಿ, 2001ರಲ್ಲಿ ಜಿಎಂಐಟಿ ಬಂದವು. ಹರಿಹರದಿಂದ ಬಸ್ಸು ಹತ್ತಿ ಈ ಕಾಲೇಜುಗಳಿಗೆ ಬರುವ ಹುಡುಗ ಹುಡುಗಿಯರು ಮೊದಲ ಲ್ಯಾಪ್‌ಟಾಪ್ ಕೊಂಡಾಗ ಕೇಳುವುದು ಒಂದೇ ಪ್ರಶ್ನೆ: ಪ್ರೋಗ್ರಾಮಿಂಗ್‌ಗೆ ಯಾವ ವಿಂಡೋಸ್, ಯಾವ ಉಬುಂಟು ಒಳ್ಳೆಯದು?

ಬಹುಕಾಲ ಇದಕ್ಕೆ ಉತ್ತರ ಹೇಳಿದ್ದು ಲ್ಯಾಬ್ ಪರೀಕ್ಷೆ. ಸಿ ಭಾಷೆ ಎಂದರೆ ಟರ್ಬೊ ಸಿ. ಅದು ಡಾಸ್ ಕಾಲದ 16 ಬಿಟ್ ತಂತ್ರಾಂಶ. ವಿಂಡೋಸ್ ಎಕ್ಸ್‌ಪಿಯಲ್ಲಿ ಅದು ಹೇಗೋ ನಡೆಯಿತು. 64 ಬಿಟ್‌ನ ವಿಂಡೋಸ್ 7 ಬಂದಾಗ ತೆರೆಯಲೇ ಇಲ್ಲ. ಆಗ ಡಾಸ್ ಅನುಕರಿಸುವ ಡಾಸ್‌ಬಾಕ್ಸ್ ಹಾಕಿ, ‘ಮೌಂಟ್ ಸಿ’ ಎಂದು ಟೈಪಿಸಿ, ಟರ್ಬೊ ಸಿಯ ಅದೇ ನೀಲಿ ಪರದೆಯನ್ನು ಮತ್ತೆ ಎಬ್ಬಿಸಿದರು. ಅಂದೇ ಜಿಸಿಸಿ ಕಂಪೈಲರ್‌ಗೆ ಹೋಗಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಟರ್ಬೊ ಸಿಯ ‘ಕೋನಿಯೊ.ಎಚ್’ ನೆಚ್ಚಿ ಕಲಿತವರು ಕೆಲಸಕ್ಕೆ ಸೇರಿದ ಮೇಲೆ ಆ ರೂಢಿ ಬಿಡಲು ಪಟ್ಟ ಕಷ್ಟ ಅನಗತ್ಯವಾಗಿತ್ತು.

ಕನ್ನಡದ ಕೆಲಸ ಮಾಡುವವರಿಗೆ 2001ರ ಎಕ್ಸ್‌ಪಿ ನಿಜವಾದ ತಿರುವು. ಯುನಿಕೋಡ್ ಕನ್ನಡವೂ ತುಂಗಾ ಅಕ್ಷರವೂ ವಿಂಡೋಸ್ ಜೊತೆಗೇ ಬಂದದ್ದು ಆಗ. ಆದರೆ ಡಿಟಿಪಿ ಅಂಗಡಿಗಳು ಪೇಜ್‌ಮೇಕರ್ ಮತ್ತು ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳನ್ನು ಸುಲಭಕ್ಕೆ ಬಿಡಲಿಲ್ಲ. ಅಂಥವರಿಗೆ ತಂತ್ರಾಂಶ ಬರೆಯುವವರು ಹಳೆಯ ವಿಂಡೋಸನ್ನೂ ಒಂದು ಕಡೆ ಉಳಿಸಿಕೊಳ್ಳಲೇಬೇಕು.

ಲಿನಕ್ಸ್ ಕಡೆ 2003ರಲ್ಲಿ ಫೆಡೋರಾ, 2004ರಲ್ಲಿ ಉಬುಂಟು ಹುಟ್ಟಿದವು. ಇಂಟರ್ನೆಟ್ ನಿಧಾನವಾಗಿದ್ದ ಊರುಗಳಿಗೆ ಉಬುಂಟುವಿನ ಸಿಡಿ 2011ರವರೆಗೆ ಪುಕ್ಕಟೆಯಾಗಿ ಅಂಚೆಯಲ್ಲೇ ಬರುತ್ತಿತ್ತು. ನಮ್ಮಂಥ ಜಿಲ್ಲಾ ಕೇಂದ್ರಗಳಿಗೆ ಅದು ದೊಡ್ಡ ಉಪಕಾರ. ಫೆಡೋರಾದ ಒಂದು ಆವೃತ್ತಿಯ ಆಯುಸ್ಸು ಸುಮಾರು 13 ತಿಂಗಳು. ಉಬುಂಟುವಿನ ದೀರ್ಘಾವಧಿ ಬೆಂಬಲದ ಆವೃತ್ತಿಗೆ, ಅಂದರೆ ಎಲ್‌ಟಿಎಸ್‌ಗೆ, ಐದು ವರ್ಷ, ಒಂದು ಇಡೀ ಬಿಇ ಕೋರ್ಸಿಗೆ ಸಾಕು. ಓದುವ ಮಗುವಿಗೆ ನಾನು ಎಲ್‌ಟಿಎಸ್ ಬಿಟ್ಟು ಬೇರೆ ಹೇಳುವುದಿಲ್ಲ. ಅದರಲ್ಲೂ ‘.1’ ಬಿಡುಗಡೆಯಾಗುವ ತನಕ ಕಾಯುವುದು ಲೇಸು. ಉಬುಂಟು ಕೂಡ ಹಿಂದಿನ ಎಲ್‌ಟಿಎಸ್‌ನವರಿಗೆ ಮೇಲ್ದರ್ಜೆಯ ಸೂಚನೆ ಕೊಡುವುದು ಆಮೇಲೆಯೇ.

ಹೊಸದಕ್ಕೆ ಹಾರಿದರೆ ಏನಾಗುತ್ತದೆಂಬುದಕ್ಕೆ ಒಂದು ಉದಾಹರಣೆ: ಉಬುಂಟು 22.04ರಲ್ಲಿ ‘ಪಿಪ್ ಇನ್‌ಸ್ಟಾಲ್’ ಎಂದರೆ ಪೈಥಾನ್ ಪ್ಯಾಕೇಜ್ ತಕರಾರಿಲ್ಲದೆ ಕೂರುತ್ತಿತ್ತು. 24.04ರಲ್ಲಿ ಅದೇ ಆಜ್ಞೆಗೆ ‘ಈ ಪರಿಸರದ ನಿರ್ವಹಣೆ ಹೊರಗಿನದು’ ಎಂಬರ್ಥದ ತಕರಾರು ಬರುತ್ತದೆ. ‘ವೆನ್ವ್’ ಎಂಬ ಪ್ರತ್ಯೇಕ ಪರಿಸರ ಮಾಡಿಕೊಂಡರೆ ಸರಿಹೋಗುತ್ತದೆ, ಪದ್ಧತಿಯೂ ಅದೇ ಒಳ್ಳೆಯದು. ಆದರೆ ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ರಾತ್ರಿ ಕಲಿಯುವ ಪಾಠವಲ್ಲ.

ತಂತ್ರಾಂಶವನ್ನು ಅದರದೇ ಪರಿಸರದಲ್ಲಿ ಓಡಿಸುವ 2013ರ ಡಾಕರ್, ವಿಂಡೋಸ್‌ಗೆ ಲಿನಕ್ಸ್ ತರುವ 2016ರ ಡಬ್ಲ್ಯೂಎಸ್‌ಎಲ್ ಬಂದ ಮೇಲೆ ಹಳೆಯ ಬಿಗಿ ಸಡಿಲವಾಗಿದೆ. ವಿಂಡೋಸ್ ಒಳಗೇ ಉಬುಂಟು ಓಡುತ್ತದೆ, ಆದರೆ 4 ಜಿಬಿ ರ್‍ಯಾಮ್‌ನಲ್ಲಿ ಏದುಸಿರು. 8 ಜಿಬಿ ಇದ್ದರೆ ನೆಮ್ಮದಿ. ಈಗ ಬಿಕ್ಕಟ್ಟಿರುವುದು ಹಳೆಯ ಯಂತ್ರಗಳಿಗೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಘಟಕ ಕೇಳುತ್ತದೆ, ಇಂಟೆಲ್‌ನಲ್ಲಿ ಎಂಟನೇ ತಲೆಮಾರಿಗಿಂತ ಹಿಂದಿನ ಪ್ರೊಸೆಸರ್‌ಗಳನ್ನು ಹೆಚ್ಚಾಗಿ ಒಪ್ಪುವುದೇ ಇಲ್ಲ. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವ ಮನೆಯವರು ಬೆಲೆಗಿಂತ ಮೊದಲು ಇದನ್ನು ವಿಚಾರಿಸಬೇಕು. ಕೊಂಡಾಗಿದ್ದರೆ ಅದಕ್ಕೆ ಎಲ್‌ಟಿಎಸ್ ಹಾಕಿ. ವಿಂಡೋಸ್‌ನಲ್ಲೇ ಪರೀಕ್ಷಿಸಬೇಕಾದ ಕೆಲಸವನ್ನು ಕಾಲೇಜಿನ ಲ್ಯಾಬಿನಲ್ಲಿ ಮಾಡಿಕೊಳ್ಳಬಹುದು.