ಟ್ರೌಟ್‌ಮನ್: ಮುರಿದ ಕೊರಳಿನಾಚೆಯ ಕತೆ

ಬರ್ಟ್ ಟ್ರೌಟ್‌ಮನ್ ಹೆಸರೆತ್ತಿದರೆ ಫುಟ್‌ಬಾಲ್ ಬಲ್ಲವರಿಗೆ ನೆನಪಾಗುವುದು 1956ರ ಮೇ 5, ವೆಂಬ್ಲಿ. ಎಫ್‌ಎ ಕಪ್ ಫೈನಲ್ ಮುಗಿಯಲು 17 ನಿಮಿಷವಿತ್ತು. ಬರ್ಮಿಂಗ್‌ಹ್ಯಾಮ್ ಸಿಟಿಯ ಪೀಟರ್ ಮರ್ಫಿಯ ಕಾಲಿಗೆ ಅಡ್ಡಬಿದ್ದು ಚೆಂಡು ಹಿಡಿದ ಈ ಮ್ಯಾಂಚೆಸ್ಟರ್ ಸಿಟಿ ಗೋಲ್‌ಕೀಪರ್‌ನ ಕೊರಳಿಗೆ ಪೆಟ್ಟುಬಿತ್ತು. ಬದಲಿ ಆಟಗಾರನನ್ನು ಇಳಿಸುವ ಪದ್ಧತಿ ಆಗ ಇರಲಿಲ್ಲ. ತೂರಾಡುತ್ತಲೇ ಗೋಲು ಕಾದ. ತಂಡ 3–1ರಿಂದ ಗೆದ್ದಿತು. ಕೊರಳ ಮೂಳೆ ಮುರಿದದ್ದು ಗೊತ್ತಾದದ್ದು ಕೆಲವು ದಿನಗಳ ಮೇಲೆ, ಎಕ್ಸ್‌ರೇಯಲ್ಲಿ. ಒಂದು ಕಾಲದ ಈ ಜರ್ಮನ್ ಸೈನಿಕನನ್ನು ಇಂಗ್ಲೆಂಡ್ ತನ್ನವನೆಂದದ್ದು ಆ ದಿನವೇ ಎಂಬ ಮಾತು ಕತೆಗೆ ಚೆನ್ನ, ಇತಿಹಾಸಕ್ಕೆ ಒಗ್ಗದು. ಪತ್ರಕರ್ತರು ಆತನನ್ನು ವರ್ಷದ ಆಟಗಾರನೆಂದು ಆರಿಸಿದ್ದು ಆ ಫೈನಲ್‌ಗೆ ಮೊದಲೇ. ಆ ಗೌರವ ಪಡೆದ ಮೊದಲ ಗೋಲ್‌ಕೀಪರ್ ಆತ.

ಹಾಗಾದರೆ ಮನಸ್ಸು ಬದಲಾದದ್ದು ಯಾವಾಗ? ಒಂದೇ ದಿನದಲ್ಲಂತೂ ಅಲ್ಲ. 1923ರಲ್ಲಿ ಬ್ರೆಮೆನ್‌ನಲ್ಲಿ ಹುಟ್ಟಿದ ಟ್ರೌಟ್‌ಮನ್ ಪ್ಯಾರಾಟ್ರೂಪರ್ ಆಗಿ ಎರಡನೇ ಮಹಾಯುದ್ಧದ ಪೂರ್ವ ರಣರಂಗದಲ್ಲಿ ಕಾದಾಡಿದವನು, ಐರನ್ ಕ್ರಾಸ್ ಪದಕ ಪಡೆದವನು. ಸೆರೆಸಿಕ್ಕ ಮೇಲೆ ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಯುದ್ಧಕೈದಿಗಳ ಶಿಬಿರದಲ್ಲಿ ಗೋಲ್‌ಕೀಪರ್ ಆದ. ಬಿಡುಗಡೆಯಾದರೂ ತಾಯ್ನಾಡಿಗೆ ಮರಳದೆ ಸೇಂಟ್ ಹೆಲೆನ್ಸ್ ಟೌನ್ ಪರ ಆಡಿದ. 1949ರ ಅಕ್ಟೋಬರ್‌ನಲ್ಲಿ ಸಿಟಿ ಆತನನ್ನು ಸೇರಿಸಿಕೊಂಡಾಗ ಮ್ಯಾಂಚೆಸ್ಟರ್‌ನಲ್ಲಿ ಸಾವಿರಾರು ಜನ ಪ್ರತಿಭಟಿಸಿದರು. 1950ರ ಜನವರಿಯಲ್ಲಿ ಲಂಡನ್‌ನ ಫುಲ್‌ಹ್ಯಾಮ್ ಮೈದಾನದಲ್ಲಿ ಪ್ರೇಕ್ಷಕರು 'ನಾಝಿ' ಎಂದು ಕೂಗಿದರು. ಚೆಂಡಿನ ಮೇಲೆ ಚೆಂಡು ತಡೆದ ಆತನ ತಂಡ ಸೋತದ್ದು ಒಂದೇ ಗೋಲಿನಿಂದ. ಪಂದ್ಯ ಮುಗಿದಾಗ ಎರಡೂ ತಂಡದವರು ಸಾಲಾಗಿ ನಿಂತು ಚಪ್ಪಾಳೆ ತಟ್ಟಿ ಆತನನ್ನು ಬೀಳ್ಕೊಟ್ಟರು. ಉಳಿದ ಗೋಲ್‌ಕೀಪರ್‌ಗಳು ಚೆಂಡನ್ನು ಕಂಡಕಂಡತ್ತ ಒದೆಯುತ್ತಿದ್ದ ಕಾಲದಲ್ಲಿ ಆತ ಕೈಯಿಂದ ದೂರಕ್ಕೆಸೆದು ದಾಳಿಗೆ ನಾಂದಿ ಹಾಡುತ್ತಿದ್ದ. ವಾರವಾರವೂ ಕಣ್ಣಿಗೆ ಬೀಳುತ್ತಿದ್ದ ಈ ಕಸುಬುದಾರಿಕೆಯೇ ಜನರ ಸಿಟ್ಟನ್ನು ಸವೆಸಿತು.

ಆಟದ ಕೀರ್ತಿ ಹಳೆಯ ಪಾಪವನ್ನು ತೊಳೆದುಬಿಡಬಹುದೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಸೈನ್ಯಕ್ಕೆ ತಾನಾಗಿಯೇ ಸೇರಿದವನನ್ನು ಬರೀ ಕಾಲದ ಕೂಸು ಎಂದು ಬಿಟ್ಟುಬಿಡಲಾಗದು. ಆದರೆ ಆತನ ಪರವಾಗಿ ಮಾತಾಡಿದವರು ಯಾರೆಂದು ನೋಡಿ. ಮ್ಯಾಂಚೆಸ್ಟರ್‌ನ ಯಹೂದಿ ಧರ್ಮಗುರು ಅಲೆಕ್ಸಾಂಡರ್ ಆಲ್ಟ್‌ಮನ್ ಸ್ವತಃ ನಾಝಿ ಜರ್ಮನಿಯಿಂದ ಪಾರಾಗಿ ಬಂದವರು. ತಂದೆತಾಯಿಯನ್ನು ಯಹೂದಿಗಳ ನರಮೇಧದಲ್ಲಿ ಕಳೆದುಕೊಂಡವರು. ಪತ್ರಿಕೆಗೆ ಬರೆದ ಬಹಿರಂಗ ಪತ್ರದಲ್ಲಿ ಅವರು ನಡೆದದ್ದನ್ನು ಮರೆಯಿರಿ ಎನ್ನಲಿಲ್ಲ. ದೇಶದ ಅಪರಾಧಕ್ಕೆ ಒಬ್ಬನನ್ನು ದಂಡಿಸಬೇಡಿ ಎಂದರು. ಆತ ಕಳಪೆ ಗೋಲ್‌ಕೀಪರ್ ಆಗಿದ್ದರೆ ಮ್ಯಾಂಚೆಸ್ಟರ್ ಕ್ಷಮಿಸುತ್ತಿತ್ತೇ? ಪ್ರಾಯಶಃ ಇಷ್ಟು ಬೇಗ ಅಲ್ಲ. ಆದರೆ ನಾರ್ಮಂಡಿಯಲ್ಲಿ ಜರ್ಮನ್ನರ ವಿರುದ್ಧ ಹೋರಾಡಿದ್ದ ತಂಡದ ನಾಯಕ ಎರಿಕ್ ವೆಸ್ಟ್‌ವುಡ್, ಈ ಡ್ರೆಸ್ಸಿಂಗ್ ಕೋಣೆಯಲ್ಲಿ ಯುದ್ಧವಿಲ್ಲ ಎಂದು ಬರಮಾಡಿಕೊಂಡದ್ದು ಆತ ಸಿಟಿಗೆ ಒಂದು ಪಂದ್ಯವನ್ನೂ ಆಡುವ ಮೊದಲು. ಬಾಗಿಲು ತೆರೆದದ್ದು ನೊಂದವರ ವಿವೇಕ. ಒಳಗೆ ನೆಲೆಯಾದದ್ದು ಆಟದ ಬಲದಿಂದ. ಸಿಟಿಗಾಗಿ 1964ರವರೆಗೆ ಟ್ರೌಟ್‌ಮನ್ ಆಡಿದ ಪಂದ್ಯಗಳು 545. ಹೊರದೇಶದಲ್ಲಿ ಆಡುವವರನ್ನು ಆಗ ಪರಿಗಣಿಸದಿದ್ದ ಪಶ್ಚಿಮ ಜರ್ಮನಿಗಾಗಿ ಒಂದೂ ಇಲ್ಲ.