ಕೊಪ್ಪಳದ ಸರ್ಕಾರಿ ಶಾಲೆಗಳ ಇಂಗ್ಲಿಷ್: ಹೆಡ್‌ಮಾಸ್ತರ ಕೈಯಲ್ಲಿ ಏನೇನಿದೆ?

ಸರ್ಕಾರಿ ಶಾಲೆಯ ದಾಖಲಾತಿ ರಿಜಿಸ್ಟರ್‌ನಲ್ಲಿ ‘ಮಾತೃಭಾಷೆ’ ಅಂತ ಒಂದು ಕಾಲಂ ಇರುತ್ತದೆ. ಮಗು ಸೇರುವ ದಿನ ಅದನ್ನು ತುಂಬುತ್ತಾರೆ. ಮತ್ತೆ ಅದರ ನೆನಪಾಗುವುದು ಟಿ.ಸಿ. ಬರೆಯುವ ದಿನವೇ. ಸರ್ಕಾರಿ ಶಾಲೆ ಮಕ್ಕಳಿಗೆ ಇಂಗ್ಲಿಷ್ ಯಾಕೆ ಬರ್ತಿಲ್ಲ ಅಂತ ಫೇಸ್‌ಬುಕ್ಕಿನಲ್ಲಿ ಜಗಳ ಕಾಯುವ ನಾವೆಲ್ಲ ಮೊದಲು ನೋಡಬೇಕಾದ್ದು ಆ ಕಾಲಂ ಅಂತ ನನಗೆ ಈಚೆಗೆ ಅನ್ನಿಸುತ್ತಿದೆ.

ಕೊಪ್ಪಳ ಜಿಲ್ಲೆಯನ್ನೇ ತಗೊಳ್ಳಿ. ಗಂಗಾವತಿ ಸುತ್ತ ತುಂಗಭದ್ರಾ ಕಾಲುವೆ ನೀರು ಬಂದ ಮೇಲೆ ಶ್ರೀರಾಮನಗರದಂಥ ಕ್ಯಾಂಪುಗಳಾದವು; ಅಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು. ಕುಷ್ಟಗಿ, ಯಲಬುರ್ಗಾದ ತಾಂಡಾಗಳಲ್ಲಿ ಲಂಬಾಣಿ. ಕೊಪ್ಪಳ, ಗಂಗಾವತಿ ಪೇಟೆಯ ಓಣಿಗಳಲ್ಲಿ ಉರ್ದು. ಈ ಮಕ್ಕಳು ಒಂದನೇ ಕ್ಲಾಸಿಗೆ ಬಂದಾಗ ಕನ್ನಡವೇ ಹೊಸದು, ಇಂಗ್ಲಿಷ್ ಮೂರನೆಯದು. ಇನ್ನು ಕಾಲಂನಲ್ಲಿ ‘ಕನ್ನಡ’ ಅಂತ ಬರೆಸಿದ ಹುಡುಗನೂ ಮನೆಯಲ್ಲಿ ‘ಹೊಂಟೀನಿ’ ಅಂತಾನೆ, ಪುಸ್ತಕ ‘ಹೊರಟಿದ್ದೇನೆ’ ಅನ್ನುತ್ತದೆ.

ಪರಭಾಷೆಯಲ್ಲಿ ಕಲಿಯುವುದು ಈ ನೆಲಕ್ಕೆ ಹೊಸದೇನಲ್ಲ. 1948ರವರೆಗೆ ಇದು ನಿಜಾಮರ ಸಂಸ್ಥಾನ. ಕಚೇರಿ ಕಾಗದ ಓದಬೇಕಾದರೆ ಉರ್ದು ಬರಬೇಕಿತ್ತು. ಉರ್ದು ಹೋಯಿತು, ನೌಕರಿಯ ಭಾಷೆಯಾಗಿ ಇಂಗ್ಲಿಷ್ ಬಂತು.

ನೀತಿಯ ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. 1ರಿಂದ 4ನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಅಂದದ್ದು 1994ರ ಭಾಷಾ ನೀತಿ. 2007ರಿಂದ ಸರ್ಕಾರಿ ಶಾಲೆಯಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಯಿತು. ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ಶುರುವಾದವು. ಆ ವರ್ಷದ ಜನವರಿಯ ಧಾರವಾಡ ಸಾಹಿತ್ಯ ಸಮ್ಮೇಳನದಲ್ಲಿ ಅಧ್ಯಕ್ಷ ಚಂದ್ರಶೇಖರ ಕಂಬಾರರು ಇದನ್ನು ವಿರೋಧಿಸಿದ್ದರು. ‘ನಿಮ್ಮ ಮಕ್ಕಳು ಕಾನ್ವೆಂಟಿನಲ್ಲಿ, ನಮ್ಮವರು ಮಾತ್ರ ಕನ್ನಡ ಉಳಿಸಬೇಕಾ?’ ಎಂಬ ಪ್ರಶ್ನೆಯೂ ಅಷ್ಟೇ ಜೋರಾಗಿ ಕೇಳಿಬಂತು. ಆ ಪ್ರಶ್ನೆಯಲ್ಲಿ ನ್ಯಾಯ ಇದೆ. ಆದರೆ ಬೋರ್ಡು ಬದಲಾದ ಮರುದಿನ ಬೆಳಗ್ಗೆ ಕ್ಲಾಸಿನೊಳಗೆ ಏನಾಗಬೇಕು ಅನ್ನೋದಕ್ಕೆ ಎರಡೂ ಕಡೆ ಉತ್ತರ ಇರಲಿಲ್ಲ.

ನನ್ನದೇ ಹೇಳುತ್ತೇನೆ. ಎಸ್ಸೆಸ್ಸೆಲ್ಸಿ ಕನ್ನಡ ಮಾಧ್ಯಮ, ಪಿಯುಸಿ ಸೈನ್ಸ್. ಮೊದಲ ವಾರವೇ ಒಬ್ಬ ಲೆಕ್ಚರರ್ ‘ಕನ್ನಡ ಮೀಡಿಯಂನವರು ಹಿಂದ ಕುಂದರ್ರಿ’ ಅಂದರು. ಕುಂತೆ. ಆಕ್ಸಲರೇಶನ್ ಅಂದರೆ ನಾನು ಹತ್ತನೇ ಕ್ಲಾಸಿನಲ್ಲಿ ಲೆಕ್ಕ ಮಾಡಿದ್ದ ವೇಗೋತ್ಕರ್ಷವೇ ಅಂತ ಗೊತ್ತಾಗೋಕೆ ವಾರಗಳು ಹಿಡಿದವು. ಗೊತ್ತಾದ ಮೇಲೆ ಸಲೀಸು, ಯಾಕೆಂದರೆ ವಿಷಯ ತಲೆಯಲ್ಲಿತ್ತು, ಚೀಟಿ ಬದಲಿಸಬೇಕಿತ್ತಷ್ಟೆ. ಪಕ್ಕದಲ್ಲಿ ಕೂತಿದ್ದ ಗೆಳೆಯನಿಗೆ ಆ ವಿಷಯ ಯಾವ ಭಾಷೆಯಲ್ಲೂ ಅರ್ಥ ಆಗಿರಲಿಲ್ಲ. ದಸರಾ ರಜೆ ಮುಗಿಸಿ ಅವನು ವಾಪಸ್ ಬರಲಿಲ್ಲ.

ಭಾಷಾ ಶಿಕ್ಷಣ ತಜ್ಞ ಜಿಮ್ ಕಮಿನ್ಸ್ 1979ರಲ್ಲಿ ಆಡುವ ಇಂಗ್ಲಿಷನ್ನೂ ಪಠ್ಯದ ಇಂಗ್ಲಿಷನ್ನೂ ಬೇರೆ ಮಾಡಿ ತೋರಿಸಿದರು. ಆಟದ ಮೈದಾನದ ಮಾತು ಎರಡು ವರ್ಷದಲ್ಲಿ ಬರಬಹುದು, ಪಾಠ ಅರ್ಥ ಮಾಡಿಕೊಳ್ಳುವ ಭಾಷೆಗೆ ಐದರಿಂದ ಏಳು ವರ್ಷ ಬೇಕು ಎಂಬುದು ಅವರ ಲೆಕ್ಕ. ಅದೂ ಸುತ್ತಲೂ ಇಂಗ್ಲಿಷೇ ಇರುವ ಕೆನಡಾದ ವಲಸೆ ಮಕ್ಕಳ ಲೆಕ್ಕ! ಯಲಬುರ್ಗಾದ ತಾಂಡಾದ ಹುಡುಗಿಗೆ ಸಿಗೋದು ದಿನಕ್ಕೊಂದು ಪೀರಿಯಡ್. ಮೊದಲ ಭಾಷೆಯಲ್ಲಿ ಓದಿ ಅರ್ಥ ಮಾಡಿಕೊಳ್ಳುವ ಅಭ್ಯಾಸ ಎರಡನೆಯದಕ್ಕೂ ದಾಟುತ್ತದೆ ಅನ್ನುವುದು ಕಮಿನ್ಸ್ ಹೇಳಿದ ಇನ್ನೊಂದು ಮಾತು. ಹಿಂದಿನ ಬೆಂಚಿನಲ್ಲಿ ಕೂತು ನಾನು ಕಂಡದ್ದೂ ಅದನ್ನೇ.

ಸರಿ, ಇದರಲ್ಲಿ ಹೆಡ್‌ಮಾಸ್ತರರ ಪಾತ್ರ ಏನು?

ಮೊದಲು ಅವರ ಸ್ಥಿತಿ ತಿಳಿಯಬೇಕು. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಐದನೇ ತರಗತಿವರೆಗಿನ ಶಾಲೆಯಲ್ಲಿ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಪ್ರತ್ಯೇಕ ಮುಖ್ಯೋಪಾಧ್ಯಾಯರು. ಸಣ್ಣ ಊರಿನಲ್ಲಿ ಹೆಡ್‌ಮಾಸ್ತರ ಅಂದರೆ ಪ್ರಭಾರಿ. ಪಾಠವನ್ನೂ ಅವರೇ ಮಾಡಬೇಕು, ಬಿಸಿಯೂಟ, ಹಾಲು, ಮೊಟ್ಟೆಯ ಲೆಕ್ಕವನ್ನೂ ಬರೆಯಬೇಕು. ಅತಿಥಿ ಶಿಕ್ಷಕರು ಬರೋವರೆಗೆ ಖಾಲಿ ಕ್ಲಾಸುಗಳನ್ನೂ ಸಂಭಾಳಿಸಬೇಕು. ಹುದ್ದೆ ತುಂಬದ ಸರ್ಕಾರದ ತಪ್ಪನ್ನು ಅವರ ತಲೆಗೆ ಕಟ್ಟೋಕೆ ನಾನು ತಯಾರಿಲ್ಲ.

ಹಾಗಂತ ಅವರ ಕೈಯಲ್ಲಿ ಏನೂ ಇಲ್ಲ ಅನ್ನೋದೂ ಸುಳ್ಳು. ಟೈಮ್‌ಟೇಬಲ್ ಇದೆ. ಚಲೋ ಇಂಗ್ಲಿಷ್ ಬರುವ ಶಿಕ್ಷಕರನ್ನು, ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ತರಬೇತಿ ಮುಗಿಸಿ ಬಂದವರನ್ನು, ಏಳನೇ ಕ್ಲಾಸಿಗೆ ಹಾಕುವುದು ರೂಢಿ. ಆದರೆ ಮಗು ಭಾಷೆಯ ಸದ್ದು ಮೊದಲು ಕೇಳುವುದು ನಲಿ-ಕಲಿ ಕೋಣೆಯಲ್ಲಿ, ಒಂದರಿಂದ ಮೂರನೇ ತರಗತಿಯಲ್ಲಿ. ಆ ಶಿಕ್ಷಕಿಗೆ ವಾರಕ್ಕೆ ಎರಡು ಪೀರಿಯಡ್ ಅಲ್ಲಿ ಕೊಟ್ಟರೂ ವ್ಯತ್ಯಾಸ ಆಗುತ್ತದೆ. ಇದಕ್ಕೆ ಬಿಇಒ ಆದೇಶ ಬೇಕಿಲ್ಲ.

ದ್ವಿಭಾಷಾ ಪಠ್ಯಪುಸ್ತಕದ ವಿಷಯ ಇನ್ನೂ ಮುಖ್ಯ. ಗಣಿತ, ಪರಿಸರ ಅಧ್ಯಯನಕ್ಕೆ ಎರಡೂ ಭಾಷೆಯ ಪಠ್ಯ ಒಂದೇ ಪುಸ್ತಕದಲ್ಲಿದೆ. ಸಾಲು ಸಾಲಾಗಿ ಇಂಗ್ಲಿಷ್ ಓದಿ, ಸಾಲು ಸಾಲಾಗಿ ಕನ್ನಡಕ್ಕೆ ತಿರುಗಿಸಿದರೆ ಮಕ್ಕಳು ಇಂಗ್ಲಿಷ್ ಬಂದಾಗ ಕಿವಿ ಮುಚ್ಚಿಕೊಂಡು ಕನ್ನಡಕ್ಕೆ ಕಾಯುತ್ತಾರೆ. ಮೊದಲು ಮಗುವಿನ ಮಾತಿನಲ್ಲೇ ವಿಷಯ ಮುಟ್ಟಿಸಿ, ಆಮೇಲೆ ಅದೇ ವಿಷಯದ ನಾಲ್ಕು ಇಂಗ್ಲಿಷ್ ವಾಕ್ಯ ಮಕ್ಕಳ ಬಾಯಲ್ಲಿ ಆಡಿಸಬೇಕು. ಹೆಡ್‌ಮಾಸ್ತರರು ಹಿಂದೆ ಕೂತು ಹತ್ತು ನಿಮಿಷ ಎಣಿಸಲಿ, ಮೇಷ್ಟ್ರು ಎಷ್ಟು ಮಾತಾಡಿದರು, ಮಕ್ಕಳು ಎಷ್ಟು ಅಂತ. ನೋಟ್‌ಬುಕ್ ನೋಡಿ ಮೋಸ ಹೋಗಬಾರದು. ಬೋರ್ಡಿನಿಂದ ಮುತ್ತಿನಂತೆ ನಕಲು ಮಾಡುವ ಹುಡುಗನಿಗೆ ಅವನು ಈವರೆಗೆ ನೋಡದ ಒಂದು ವಾಕ್ಯ ಓದಲು ಕೊಟ್ಟರೆ ಸಾಕು.

ಮತ್ತೆ ಆ ಕಾಲಂ. ಜೂನ್‌ನಲ್ಲೇ ಅದನ್ನು ತೆಗೆದು ಯಾವ ಕ್ಲಾಸಿನಲ್ಲಿ ಎಷ್ಟು ಲಂಬಾಣಿ, ತೆಲುಗು, ಉರ್ದು ಮಕ್ಕಳಿದ್ದಾರೆ ಅಂತ ಶಿಕ್ಷಕರ ಕೈಗೆ ಕೊಡಬಹುದು. ಐದನೇ ಕ್ಲಾಸಿನ ತಾಂಡಾದ ಹುಡುಗಿಯನ್ನು ಒಂದನೇ ಕ್ಲಾಸಿನವರ ಜೊತೆ ವಾರಕ್ಕೊಂದು ತಾಸು ಕೂರಿಸಬಹುದು. ಕನ್ನಡ ಆಡಿದರೆ ದಂಡ ಹಾಕುವ ಖಾಸಗಿ ಶಾಲೆಗಳ ಚಾಳಿ ಇಂಗ್ಲಿಷ್ ವಿಭಾಗದ ಮೋಹದಲ್ಲಿ ಸರ್ಕಾರಿ ಶಾಲೆಗೆ ನುಸುಳದಂತೆ ತಡೆಯುವುದೂ ಅವರ ಕೆಲಸವೇ.

ಹೈಸ್ಕೂಲಿನವರಿಗೆ ಒಂದೇ ಬೇಡಿಕೆ: ಎಂಟನೇ ತರಗತಿಯಿಂದ ವಿಜ್ಞಾನದ ಪ್ರತಿ ಪದವನ್ನೂ ಎರಡು ಭಾಷೆಯಲ್ಲಿ ಬೋರ್ಡಿನ ಮೇಲೆ ಬರೆಸಿ. ಸಂವೇಗ, ಮೊಮೆಂಟಮ್. ದ್ಯುತಿಸಂಶ್ಲೇಷಣೆ, ಫೋಟೋಸಿಂಥೆಸಿಸ್. ಖರ್ಚು ಒಂದು ತುಂಡು ಚಾಕ್. ನನ್ನ ಗೆಳೆಯನ ಸಮಸ್ಯೆ ಇದರಿಂದ ಬಗೆಹರಿಯುತ್ತಿರಲಿಲ್ಲ, ನನ್ನದು ಬಗೆಹರಿಯುತ್ತಿತ್ತು.

ಇಷ್ಟಾದರೂ ಪಾಲಕರು ಒಪ್ಪಬೇಕಲ್ಲ? ‘ನಮ್ಮ ಹುಡುಗ ಇಂಗ್ಲಿಷ್ ಪದ್ಯ ಅಂತಾನ್ರಿ’ ಅನ್ನೋದೇ ಅವರಿಗೆ ಪ್ರಗತಿ. ಗುಳೆ ಹೋಗಿ ಗೋವಾ, ಮಂಗಳೂರು ನೋಡಿ ಬಂದವರಿಗೆ ಇಂಗ್ಲಿಷಿನ ಬೆಲೆ ನಮಗಿಂತ ಚೆನ್ನಾಗಿ ಗೊತ್ತು. ಪದ್ಯ ಬಾಯಿಪಾಠ ಇಂಗ್ಲಿಷ್ ಅಲ್ಲ ಅನ್ನೋದನ್ನು ಯಾರೂ ಹೇಳಿಲ್ಲ ಅಷ್ಟೆ. ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಹೇಳುವ ಜಾಗ ಎಸ್‌ಡಿಎಂಸಿ ಸಭೆ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಬಹಳ ಜನರಿಗೆ ಶಾಲೆಗೆ ಹೋಗುವ ಮಕ್ಕಳಿಲ್ಲ, ಎಸ್‌ಡಿಎಂಸಿಗೆ ನೀವು ಸೇರೋಕಾಗಲ್ಲ. ಆದರೆ ಪಂಚಾಯ್ತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕು. ಶೌಚಾಲಯ, ಕಾಂಪೌಂಡು, ಕುಡಿಯುವ ನೀರು ಅಲ್ಲಿ ಖಾಯಂ ಪ್ರಶ್ನೆಗಳು. ಊರಿಗೆ ಹೋದಾಗ ನಿಮ್ಮ ಓಣಿಯ ಹುಡುಗರಿಗೆ ಇನ್ನೊಂದು ಹೇಳಿಕೊಡಿ: ‘ಸರ್ರ, ಒಂದನೇತ್ತಾದವರಿಗೆ ಇಂಗ್ಲಿಷ್ ಯಾರ್ ಕಲಸ್ತಾರ್ರಿ?’